ಹೊಳೆಗೆ ಬಿಟ್ಟ ಅಮ್ಮ

ಮನೆದೇವರನ್ನು ಕಳೆದವಳು ಸಾಕಮ್ಮ ಅಲ್ಲ, ನಾನು. ಕಳೆದೆ ಎನ್ನುವುದೂ ಸರಿಯಲ್ಲ — ಕೈಯಾರೆ ತೆಗೆದುಕೊಂಡು ಹೋಗಿ ಕಾವೇರಿಗೆ ಬಿಟ್ಟೆ. ಆ ಸಂಜೆ ಅತ್ತೆ ಕೇಳಿದಾಗ ಸಾಕಮ್ಮನ ಕೈಗೆ ಕೊಟ್ಟಿದ್ದೆ ಎಂದೆ. ಈ ಎರಡರಲ್ಲಿ ಯಾವುದು ಹೆಚ್ಚಿನ ಪಾಪವೆಂದು ಮೊದಮೊದಲು ತೂಗಿ ನೋಡುತ್ತಿದ್ದೆ. ಈಗ ಆ ಗೋಜಿಗೆ ಹೋಗುವುದಿಲ್ಲ. ದೇವರಿಗೆ ಆದದ್ದನ್ನು ದೇವರು ನೋಡಿಕೊಂಡಾಳು. ಸಾಕಮ್ಮನಿಗೆ ಆದದ್ದನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ.

ಸಾಕಮ್ಮ ನನ್ನ ವಾರಗಿತ್ತಿ, ಮೈದುನ ಚಿಕ್ಕೇಗೌಡರ ಹೆಂಡತಿ. ಹೆಗ್ಗಡದೇವನಕೋಟೆಯ ಆಚೆ, ಕಾಡಂಚಿನ ಒಂದು ಊರಿನವಳು. ಮಾತು ಕಡಿಮೆ. ಯಾರು ಏನು ಹೇಳಿದರೂ ಮೊದಲು ತನ್ನದೇ ತಪ್ಪಿರಬಹುದೆಂದು ಯೋಚಿಸುವ ಹುಡುಗಿ. ಒಲೆಯ ಮೇಲೆ ಹಾಲು ಉಕ್ಕಿದರೆ, ತಾನು ಹಿತ್ತಲಲ್ಲಿದ್ದರೂ ಓಡಿ ಬಂದು "ಅಯ್ಯೋ, ಮರ್ತ್‌ಬುಟ್ಟೆ" ಅನ್ನುತ್ತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವಳ ಹೆಸರು ಹೇಳಿದೆ.

ನಾನು ಹುಣಸೂರಿನವಳು. ನಮ್ಮಪ್ಪ ಅಲ್ಲಿ ಒಬ್ಬ ದೊರೆಯ ಬಂಗಲೆಗೆ ಹಾಲು ಕೊಡುತ್ತಿದ್ದರು. ಚಿಕ್ಕವಳಿದ್ದಾಗ ಅವರ ಹಿಂದೆ ಹೋಗಿ, ಬಾಗಿಲ ಆಚೆಯಿಂದ ಆ ಮನೆಯ ನಡುಕೋಣೆಯನ್ನು ನೋಡಿದ್ದೆ. ಬಿಳಿಯ ಗೋಡೆ, ಗೋಡೆಗೆ ಆಳೆತ್ತರದ ನಿಲುವುಗನ್ನಡಿ, ಅದರೊಳಗೆ ಕಿಟಕಿ, ಕಿಟಕಿಯೊಳಗೆ ಮರ. ಅಷ್ಟೆ. ಅದಾದ ಮೇಲೆ ನಮ್ಮ ಮನೆಯ ಸಗಣಿ ಸಾರಿಸಿದ ಗೋಡೆ, ಮಸಿ ಹಿಡಿದ ತೊಲೆ, ಯಾವುದೂ ನನ್ನ ಕಣ್ಣಿಗೆ ಮನೆಯ ಹಾಗೆ ಕಾಣಲಿಲ್ಲ. ಮದುವೆಯಾಗಿ ಎಡತೊರೆಗೆ ಬಂದೆ. ಅಲ್ಲಿಯೂ ಅದೇ ಗೋಡೆ, ಅದೇ ತೊಲೆ. ಜೊತೆಗೆ ಪ್ರತಿ ಮಳೆಗಾಲ ಅಂಗಳಕ್ಕೆ ಬರುವ ಹೊಳೆ. ನಾನು ಮಣಿ ಪೋಣಿಸಿ ಬಾಗಿಲಿಗೆ ಗಿಳಿಗಳ ತೋರಣ ಮಾಡಿದೆ, ಹಳೆಯ ಸೀರೆಯ ಅಂಚು ಕತ್ತರಿಸಿ ಕಿಟಕಿಗೆ ಕಟ್ಟಿದೆ. ಹೊಳೆ ಬಂದು ಇಳಿದಾಗ ಎಲ್ಲಕ್ಕೂ ಕೆಸರಿನ ವಾಸನೆ.

ಒಂದು ವರ್ಷ ನೀರು ಊರೊಳಕ್ಕೇ ನುಗ್ಗಿತು. ಆಮೇಲೆ ಸರ್ಕಾರದವರು ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿಸಲು ನಿವೇಶನ ಕೊಟ್ಟರು. ಅದೇ ಈಗ ಎಲ್ಲರೂ ಕೃಷ್ಣರಾಜನಗರ ಅನ್ನುವ ಊರು. ನಮ್ಮ ಯಜಮಾನರದು ಹೊಗೆಸೊಪ್ಪಿನ ವ್ಯಾಪಾರ, ಕೈ ಸ್ವಲ್ಪ ಆಡುತ್ತಿತ್ತು. ಹೊಸ ಮನೆಗೆ ಮಂಗಳೂರು ಹೆಂಚು ಹಾಕಿಸಿದರು, ಕೆಂಪು ಗಾರೆ ಹಾಕಿಸಿದರು. ಗೋಡೆಯ ಸುಣ್ಣಕ್ಕೆ ಎಷ್ಟು ನೀಲಿ ಬೆರೆಸಬೇಕೆಂದು ಹೇಳಿದವಳು ನಾನು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆದವಳು ಸಾಕಮ್ಮ — ಮೂರು ವರ್ಷದ ಮಗಳು ಚೆನ್ನಿಯನ್ನು ಬೆನ್ನಿಗೆ ಕಟ್ಟಿಕೊಂಡು, ಒಂದೇ ಉಸಿರಿಗೆ ಎಳೆದಂತೆ ನೇರವಾದ ಗೆರೆ. ನಾವಿಬ್ಬರೂ ಆ ದಿನಗಳಲ್ಲಿ ಚೆನ್ನಾಗಿದ್ದೆವು. ಅದನ್ನು ಹೇಳಲೇಬೇಕು. ನನಗೆ ಅವಳ ಮೇಲೆ ದ್ವೇಷವಿರಲಿಲ್ಲ. ಇದ್ದಿದ್ದರೆ ಒಂದು ಕಾರಣವಾದರೂ ಸಿಗುತ್ತಿತ್ತು.

ಪಡಸಾಲೆಯಲ್ಲಿ, ತಲೆಬಾಗಿಲಿಗೆ ಎದುರಾಗಿ, ಒಳ್ಳೆಯ ಬೆಳಕು ಬೀಳುವ ಒಂದು ಗೋಡೆ ಇತ್ತು. ಅಲ್ಲಿ ನಿಲುವುಗನ್ನಡಿ ಇಡಿಸಬೇಕೆಂದು ಮನೆಯ ಬುನಾದಿ ತೋಡುವಾಗಲೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಯಜಮಾನರು ಮೈಸೂರಿನ ಅಂಗಡಿಯಲ್ಲಿ ನೋಡಿಕೊಂಡೂ ಬಂದಿದ್ದರು. ಒಂದು ದಿನ ಹೋಗಿ ನೋಡಿದರೆ ಗಾರೆಯವನು ಆ ಗೋಡೆಯ ನಟ್ಟನಡುವೆ ಗೂಡು ಬಿಟ್ಟಿದ್ದ. ಅತ್ತೆ ಬಂದು ಹೇಳಿ ಹೋಗಿದ್ದರಂತೆ: ಅಮ್ಮ ಇಷ್ಟು ದಿನ ಒಲೆಯ ಹೊಗೆಯಲ್ಲಿ ಕುಳಿತಿದ್ದಳು, ಹೊಸ ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂರಲಿ.

ಅಮ್ಮ ಎಂದರೆ ನಮ್ಮ ಮನೆದೇವರು. ಒಂದು ಗೇಣಿನ ಮರದ ಮೂರ್ತಿ. ಮುಖವೆಲ್ಲ ಸವೆದು, ಎಣ್ಣೆ ಅರಿಶಿನ ಮಸಿ ಒಂದಾಗಿ, ಮೂಗು ಎಲ್ಲಿ ಕಣ್ಣು ಎಲ್ಲಿ ಎಂದು ತಿಳಿಯದ ಹಾಗೆ ಆಗಿತ್ತು. ಅತ್ತೆ ಮದುವೆಯಾಗಿ ಬಂದ ದಿನದಿಂದ ಅದರ ಮುಂದೆ ದೀಪ ಹಚ್ಚಿದವರು. ನಾನೂ ಹಚ್ಚಿದ್ದೆ, ಕೈ ಮುಗಿದಿದ್ದೆ. ಭಕ್ತಿ ಇರಲಿಲ್ಲವೇ ಅಂದರೆ — ಇತ್ತು. ಪಟಗಳ ಮೇಲೆ ಇತ್ತು, ಗಾಜಿನ ಹಿಂದೆ ಕಮಲದ ಮೇಲೆ ನಿಂತ ಲಕ್ಷ್ಮಿಯ ಮೇಲೆ ಇತ್ತು. ಆ ಕರಿಯ ಮರದ ತುಂಡು, ಅದರ ಎಣ್ಣೆಯ ಜಿಡ್ಡು ನನ್ನ ನೀಲಿ ಬೆರೆಸಿದ ಗೋಡೆಯ ಮೇಲೆ ಇಳಿಯುವುದು, ಅಮಲ್ದಾರರ ಮನೆಯವರು ಒಳಗೆ ಬಂದ ಕೂಡಲೇ ಅದನ್ನೇ ನೋಡುವುದು — ಇದನ್ನು ನೆನೆದರೆ ನನಗೆ ನಾಚಿಕೆಯಾಗುತ್ತಿತ್ತು. ಯಜಮಾನರಿಗೆ ಹೇಳಿದೆ. ಅವ್ವನ ಇಷ್ಟ, ನಾನೇನೂ ಮಾಡಲಾರೆ ಅಂದರು.

ಸಾಮಾನು ಸಾಗಿಸಿದ ದಿನ. ಬೆಳಗಿನಿಂದ ಗಾಡಿ ಹೋಗಿ ಬಂದು ಮಾಡುತ್ತಿತ್ತು. ಅತ್ತೆ ಮೊದಲ ಗಾಡಿಯಲ್ಲೇ ಹೊಸ ಮನೆಗೆ ಹೋದರು, ಹಾಲು ಉಕ್ಕಿಸಲು. ಅಮ್ಮನನ್ನು ಕೊನೆಗೆ ತನ್ನಿ, ಒಲೆ ಆರಿಸಿದ ಮೇಲೆ ಎಬ್ಬಿಸಿ ಕರೆದುಕೊಂಡು ಬನ್ನಿ ಎಂದು ನನಗೆ ಹೇಳಿ ಹೋದರು. ನನಗೇ ಹೇಳಿದ್ದು. ಹಿರಿಯ ಸೊಸೆ ನಾನು.

ಮಧ್ಯಾಹ್ನ ಸಾಕಮ್ಮ ಹಿತ್ತಲಲ್ಲಿ ಚೆನ್ನಿಗೆ ಉಣಿಸುತ್ತಿದ್ದಳು. ನಾನು ಒಲೆ ಆರಿಸಿದೆ. ಅಮ್ಮನನ್ನು ಒಲೆಯ ಮೇಲಿನ ಗೂಡಿನಿಂದ ತೆಗೆದು ಹಳದಿ ಬಟ್ಟೆಯಲ್ಲಿ ಸುತ್ತಿದೆ. ತಪ್ಪಲೆ ತೊಳೆದು ಬರುತ್ತೇನೆಂದು ತಪ್ಪಲೆಯೊಳಗೆ ಅದನ್ನಿಟ್ಟುಕೊಂಡು ಹೊಳೆಗೆ ಇಳಿದೆ. ಸೋಪಾನದಲ್ಲಿ ಯಾರೂ ಇರಲಿಲ್ಲ. ಬಟ್ಟೆ ಬಿಚ್ಚಿ ನೀರಿಗೆ ಬಿಟ್ಟೆ. ಮುಳುಗುತ್ತದೆ ಅಂದುಕೊಂಡಿದ್ದೆ — ಮರ ಮುಳುಗುವುದಿಲ್ಲವೆಂದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ. ಅದು ಒಂದು ಸುತ್ತು ತಿರುಗಿ, ಮತ್ತೆ ಮೆಟ್ಟಿಲ ಕಡೆಗೇ ತೇಲಿ ಬಂತು. ನಾನು ತಪ್ಪಲೆಯಿಂದ ಅದನ್ನು ನೂಕಿದೆ. ಮತ್ತೆ ಬಂತು. ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿಗೆ ಇಳಿದು, ಸೆಳೆತ ಸಿಗುವವರೆಗೆ ನೂಕಿದೆ. ಆ ಕೆಲಸವನ್ನು ಅರ್ಧಕ್ಕೆ ಬಿಡಬಹುದಾಗಿತ್ತು; ಕೈ ಚಾಚಿದರೆ ಸಿಗುತ್ತಿತ್ತು. ನಾನು ನಿಂತು, ಅದು ಕಣ್ಣಿಗೆ ಮರೆಯಾದ ಮೇಲೆ ತಪ್ಪಲೆ ತಿಕ್ಕಿ ತೊಳೆದುಕೊಂಡು ಬಂದೆ. ಹಳದಿ ಬಟ್ಟೆಯನ್ನೂ ನೀರಿಗೆ ಹಾಕಿದೆ.

ಸಾಕಮ್ಮ ಕೊನೆಯ ಗಾಡಿಯಲ್ಲಿ ಕುಳಿತಿದ್ದಳು. ಸುತ್ತಲೂ ಗಂಟು ಮೂಟೆ, ಮಡಿಲಲ್ಲಿ ನಿದ್ದೆ ಹೋದ ಮಗು, ಮಗುವಿನ ಮೈ ಬಿಸಿ. ಅಂದು ಸಂತೆ. ಬೆಟ್ಟದಪುರ, ಪಿರಿಯಾಪಟ್ಟಣದ ಕಡೆಯ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ದಾರಿಯಲ್ಲಿ ಅವಳಿಗೂ ಜೊಂಪು ಹತ್ತಿತು. ನಾನು ಎದುರಿಗೆ ಕುಳಿತು ನೋಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಹೊಸ ಗೂಡಿನ ಮುಂದೆ ಹೂವು ಹಿಡಿದುಕೊಂಡು ನಿಂತಿದ್ದರು. "ಅಮ್ಮನ್ನ ತನ್ನಿ, ಮಡಗಾನ" ಅಂದರು.

ನಾನು ಏನು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಹೊಳೆಗೆ ಬಿಡುವುದನ್ನು ಯೋಚಿಸಿದ್ದೆ, ಅದರ ಮುಂದಿನದನ್ನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಇದು:

"ಸಾಕಿ ಕೈಗೆ ಕೊಟ್ಟಿದ್ನಲ್ಲ ಅತ್ತೆ."

ಸಾಕಮ್ಮ ತಲೆ ಎತ್ತಿದಳು. "ನನ್ ಕೈಗಾ? ಯಾವಾಗಕ್ಕ?"

"ಗಾಡಿ ಹತ್ತೋವಾಗ. ಹಳದಿ ಬಟ್ಟೇಲಿ ಸುತ್ತಿ ನಿನ್ ಮಡ್ಲಿಗೇ ಇಟ್ನಲ್ಲ. ಮಗು ಮಲಗಿತ್ತು ನೋಡು, ಅದ್ರ ಪಕ್ಕದಲ್ಲಿ."

ಅವಳು ಇಲ್ಲ ಅನ್ನಲಿಲ್ಲ. ಅಂದಿದ್ದರೆ — ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವಳು ತನ್ನ ಮಡಿಲನ್ನು ನೋಡಿಕೊಂಡಳು. ಸೆರಗು ಬಿಚ್ಚಿ ಕೊಡವಿದಳು. ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಆಮೇಲೆ ನೆಲದ ಮೇಲೆ ಕುಳಿತು, "ನಂಗೆ ಗ್ಯಾನ್ವೇ ಇಲ್ವಲ್ಲ… ಎಲ್ಲೋ ಜಾರೋಗ್ಬುಟ್ಟದೆ" ಅಂದಳು.

ಮೈದುನ ಅದೇ ಕ್ಷಣ ದಾರಿಗುಂಟ ಹುಡುಕಲು ಹೋದರು. ಮಾರನೆಯ ದಿನ ಯಜಮಾನರೂ ಹೋಗಿ ಬೇಲಿಯ ಸಂದಿ, ಮೋರಿ, ಎಲ್ಲವನ್ನೂ ನೋಡಿದರು. ಸಂತೆಗೆ ಬಂದ ಗಾಡಿಯವರು ಯಾರೋ ಎತ್ತಿಕೊಂಡು ಹೋಗಿರಬೇಕು ಎಂಬ ಮಾತು ಬಂತು. ಪಡುವಲ ಕಡೆಗೆ ಹೋದ ಗಾಡಿಗಳೇ ಹೆಚ್ಚು. ಆ ಮಾತನ್ನು ನಾನೂ ಹೌದೆಂದೆ.

ಅತ್ತೆ ಸಾಕಮ್ಮನನ್ನು ಬೈಯಲಿಲ್ಲ. ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟರು. ಅವಳು ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಖಾಲಿ ಗೂಡಿನ ಮುಂದೆ ದಿನಾ ದೀಪ ಹಚ್ಚಿ, ಹೋದವಳು ಬರುತ್ತಾಳೆ ಅನ್ನುತ್ತಿದ್ದರು. ಆ ಗೂಡಿನಲ್ಲಿ ಬೇರೇನನ್ನೂ ಇಡಲು ಬಿಡಲಿಲ್ಲ. ಹಾಗಾಗಿ ನನ್ನ ಕನ್ನಡಿಯೂ ಬರಲಿಲ್ಲ.

ಆ ಬೇಸಗೆಯಲ್ಲಿ ಚೆನ್ನಿಗೆ ಜ್ವರ ಬಂತು. ತಾಯಿ ಮಗಳು ಸಾಕಮ್ಮನ ತವರಿಗೆ ಹೋಗಿ ಬಂದಿದ್ದರು. ಆ ಕಾಡಿನ ಕಡೆಯ ಚಳಿಜ್ವರ. ಡಾಕ್ಟರು ಕೊಯಿನಾ ಗುಳಿಗೆ ಕೊಟ್ಟರು. ಇಳಿದ ಹಾಗೆ ಮಾಡಿ ಮತ್ತೆ ಏರಿತು. ಒಂದು ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಸಾಕಮ್ಮ ಮಗುವಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ತಣ್ಣಗಾಗದಿರಲಿ ಎಂದು ಉಜ್ಜುತ್ತಿದ್ದಳು. ಮಗು ಆಗಲೇ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ನಾಲ್ಕು ಜನ ಕುಳಿತಿರುವಾಗ ಅತ್ತೆ ಗೋಡೆ ನೋಡಿಕೊಂಡು ಹೇಳಿದರು: "ಅಮ್ಮನ್ನ ದಾರೀಲಿ ಬುಟ್ ಬಂದೋಳ ಮಡ್ಲನ್ನ ಅಮ್ಮ ತುಂಬ್ಸಾಳಾ?"

ಹೇಳುವ ಹೊತ್ತು ಅದೇ ಆಗಿತ್ತು. ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು ಎಂದು ಬರೆಯಲು ಕೈ ಹೋಗುತ್ತಿದೆ — ಸುಳ್ಳು. ಬಂದಿರಲಿಲ್ಲ. ನನಗೆ ಆದದ್ದು ಹೆದರಿಕೆ ಮಾತ್ರ. ಈಗ ಹೇಳಿದರೆ ಮಗುವಿನ ಸಾವೂ ನನ್ನ ತಲೆಗೆ ಬರುತ್ತದಲ್ಲ ಎಂಬ ಹೆದರಿಕೆ. ಹೊಳೆಗೆ ಬಿಟ್ಟವಳು ನಾನು, ಶಾಪ ತಟ್ಟುವುದಿದ್ದರೆ ನನಗೆ, ನನ್ನ ಮಕ್ಕಳಿಗೆ ತಟ್ಟಬೇಕು. ನನ್ನ ಇಬ್ಬರು ಗಂಡುಮಕ್ಕಳು ಅಂಗಳದಲ್ಲಿ ಆಡಿಕೊಂಡಿದ್ದರು. ಅವರನ್ನು ಒಳಗೆ ಕರೆದು ದೃಷ್ಟಿ ತೆಗೆದೆ. ಸಾಕಮ್ಮ ಅತ್ತೆಯ ಮಾತಿಗೆ ತಲೆಯಾಡಿಸುತ್ತಿದ್ದಳು. ಹೌದು ಹೌದು ಅನ್ನುವ ಹಾಗೆ. ಅದನ್ನು ನೋಡಿಯೂ ನಾನು ಒಳಗೆ ಹೋದೆ.

ಎರಡು ವರ್ಷ ಕಳೆದರೂ ಅವಳಿಗೆ ಮತ್ತೆ ಮಗುವಾಗಲಿಲ್ಲ. ಅತ್ತೆ ಮೈದುನನಿಗೆ ಇನ್ನೊಂದು ಮದುವೆ ಮಾಡಿಸಿದರು. ಮೈದುನ ಬೇಡವೆಂದರು, ಆಮೇಲೆ ಸುಮ್ಮನಾದರು. ಮದುವೆಗೆ ಮನೆ ಅಲಂಕರಿಸಿದವಳು ನಾನು. ಸುಣ್ಣ ಹೊಡೆಸಿದೆ, ಬಾಳೆಕಂಬ ಕಟ್ಟಿಸಿದೆ, ಮಣಿಯ ತೋರಣಗಳನ್ನೆಲ್ಲ ತೊಳೆದು ತೂಗುಹಾಕಿದೆ. ಗೋಡೆಯ ಬುಡದ ಕೆಮ್ಮಣ್ಣು ಮಾಸಿತ್ತು. ಯಾರೂ ಹೇಳದಿದ್ದರೂ ಸಾಕಮ್ಮ ಕೆಮ್ಮಣ್ಣು ಕಲಸಿಕೊಂಡು ಬಂದು ಕಾರಣೆ ಎಳೆಯಲು ಕುಳಿತಳು. ತನ್ನ ಗಂಡನ ಮದುವೆಗೆ. ಬೇಡ ಬಿಡು ಅಂದೆ. "ನಿನ್ ಮನೆ ಅಂದವಾಗಿರ್ಬೇಕಲ್ಲಕ್ಕ" ಅಂದಳು. ಕುಹಕವಿರಲಿಲ್ಲ ಅದರಲ್ಲಿ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅತ್ತೆ ತೀರಿಕೊಂಡ ವರ್ಷವೇ ಗೂಡನ್ನು ಮುಚ್ಚಿಸಿ ಕನ್ನಡಿ ಇಡಿಸಿದೆ. ಹೌದು, ಇಡಿಸಿದೆ. ಅಮಲ್ದಾರರ ಮನೆಯವರು ಬಂದು ನೋಡಿ, ಈ ಊರಲ್ಲಿ ಇಂಥ ಮನೆ ಇಲ್ಲವೆಂದರು. ನನಗೆ ಸಂತೋಷವೂ ಆಯಿತು. ಮನುಷ್ಯರು ಇಂಥದ್ದನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸಂತೋಷಪಡಬಲ್ಲರು, ನಾನೇ ಕಂಡಿದ್ದೇನೆ.

ಸಾಕಮ್ಮ ಹಿತ್ತಲ ಕೋಣೆಗೆ ಸರಿದಿದ್ದಳು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಗಂಟು ಕಟ್ಟಿಕೊಂಡು ಪಡುವಲ ದಾರಿ ಹಿಡಿದು ನಡೆದು ಹೋಗುತ್ತಿದ್ದಳು. ಅಮ್ಮನನ್ನು ಹುಡುಕಲು. ಚುಂಚನಕಟ್ಟೆ, ಬೆಟ್ಟದಪುರ, ಪಿರಿಯಾಪಟ್ಟಣ, ಕೊಪ್ಪದವರೆಗೂ. ಮನೆಮನೆಯ ಮುಂದೆ ನಿಂತು ಕೇಳುವುದು. ಬೆಟ್ಟದಪುರದಲ್ಲಿ ಬೆಟ್ಟ ಹತ್ತಿ ಸ್ವಾಮಿಗೂ ಹೇಳಿಕೊಂಡು ಬರುತ್ತಿದ್ದಳಂತೆ. ಊರವರು ಮೊದಲು ಕನಿಕರಪಟ್ಟರು, ಆಮೇಲೆ ನಕ್ಕರು, ಕೊನೆಗೆ ಅದೂ ಇಲ್ಲ. ನಾವು ಮನೆಯವರು ಅದನ್ನು ಅವಳ ಯಾತ್ರೆ ಅನ್ನುತ್ತಿದ್ದೆವು.

ಹೋದ ವರ್ಷ ಅವಳಿಗೆ ಕಾಲು ನೋವು. ಒಬ್ಬಳನ್ನೇ ಕಳಿಸಬೇಡ, ನೀನೂ ಜೊತೆಗೆ ಹೋಗು ಎಂದು ಯಜಮಾನರು ನನಗೆ ಹೇಳಿದರು. ಯುದ್ಧದ ಕಾಲ, ಇದ್ದಲಿನಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ನಿಂತು, ಜನ ಇಳಿದು ತಳ್ಳಿ, ಅಂತೂ ಬೆಟ್ಟದಪುರ ಮುಟ್ಟಿದೆವು. ಅಲ್ಲಿಂದ ಮುಂದೆ ಗಾಡಿ, ನಡಿಗೆ. ಅವಳು ಕೇಳುವುದನ್ನು ನಾನು ಅಲ್ಲಿಯವರೆಗೆ ಕಣ್ಣಾರೆ ನೋಡಿರಲಿಲ್ಲ. ಬಾಗಿಲಿನಿಂದ ಸ್ವಲ್ಪ ದೂರ ನಿಂತು, ಸೆರಗು ಹೊದ್ದು, "ತಾಯೀ, ನಿಮ್ಮೋರ್‌ಗೆ ದಾರೀಲಿ ಏನಾರ ಸಿಕ್ಕಿತ್ತಾ, ಒಂದ್ ಗೇಣಿನ ಮರದ ಅಮ್ಮ, ಹಳದಿ ಬಟ್ಟೇಲಿ…" ಅನ್ನುವಳು. ಇಲ್ಲ ಅಂದರೆ ಕೈ ಮುಗಿದು ಮುಂದಿನ ಮನೆ. ಕೆಲವರು ಅವಳನ್ನು ಬಲ್ಲರು. ಬಾಗಿಲಿಗೆ ಬರದೆ ಒಳಗಿನಿಂದಲೇ ಇಲ್ಲ ಅನ್ನುತ್ತಿದ್ದರು. ಒಂದು ಕಡೆ ಚಿಕ್ಕ ಹುಡುಗಿಯೊಬ್ಬಳು ಅವಳು ಬಾಯಿ ತೆರೆಯುವ ಮೊದಲೇ ಆ ಮಾತುಗಳನ್ನೆಲ್ಲ ಒಪ್ಪಿಸಿ ನಕ್ಕು ಓಡಿದಳು. ಸಾಕಮ್ಮನೂ ನಕ್ಕಳು. ಚೆನ್ನಿ ಇದ್ದಿದ್ದರೆ ಇವಳಿಗಿಂತ ದೊಡ್ಡವಳಾಗಿರುತ್ತಿದ್ದಳು ಅಂದಳು.

ಕಂಪಲಾಪುರದಲ್ಲಿ ಒಂದು ಮನೆಯ ಜಗಲಿಯ ಮೇಲೆ ಬುತ್ತಿ ಬಿಚ್ಚಿ ಕುಳಿತೆವು. ಅವಳು ನನ್ನ ಪಾಲನ್ನು ಮುಂದಿಟ್ಟಳು. ಹೇಳಿದೆ. ಎಲ್ಲವನ್ನೂ ಹೇಳಿದೆ — ಗೂಡು, ಕನ್ನಡಿ, ತಪ್ಪಲೆ, ಅದು ಮತ್ತೆ ಮತ್ತೆ ತೇಲಿ ಬಂದದ್ದು. ನಿನ್ನ ಕೈಗೆ ನಾನು ಏನೂ ಕೊಡಲಿಲ್ಲ ಸಾಕಿ, ನಿನ್ನ ಮಡಿಲಲ್ಲಿ ಮಗು ಬಿಟ್ಟರೆ ಏನೂ ಇರಲಿಲ್ಲ ಅಂದೆ. ಹೇಳಿ ಮುಗಿಸಿ ಅವಳ ಮುಖ ನೋಡಿದೆ. ಹೊಡೆಯಲಿ, ಉಗಿಯಲಿ, ಎದ್ದು ಹೋಗಲಿ — ಯಾವುದಕ್ಕೂ ತಯಾರಾಗಿದ್ದೆ.

ಅವಳು ಕೈಯಲ್ಲಿದ್ದ ತುತ್ತನ್ನು ಬುತ್ತಿಯಲ್ಲಿ ಇಟ್ಟಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಇಲ್ಲ ಕಣಕ್ಕ. ನೀನು ಕೊಟ್ಟೆ. ನಂಗೆ ಚೆಂದಾಗಿ ಗ್ಯಾನ ಅದೆ. ಬಟ್ಟೆ ಬೆಚ್ಚಗಿತ್ತು, ನಿನ್ ಕೈ ಬಿಸಿ. ಚೆನ್ನಿ ಕಾಲು ಸರ್ಸಿ ಪಕ್ಕದಲ್ಲಿ ಮಡಿಕಂಡೆ. ಎಣ್ಣೆ ಜಿಡ್ಡು ಕೈಗೆ ಅಂಟ್ತು, ಸೆರಗಿಗೆ ಒರ್ಸಿಕಂಡೆ. ಆಮೇಲೆ ಕಣ್ ಹತ್ಬುಡ್ತು. ನಂದೇ ತಪ್ಪು."

ಬಟ್ಟೆಯ ಬಿಸಿಯನ್ನು ನಾನು ಹೇಳಿರಲಿಲ್ಲ. ಎಣ್ಣೆಯ ಜಿಡ್ಡನ್ನು ಹೇಳಿರಲಿಲ್ಲ. ಇಷ್ಟು ವರ್ಷ ಆ ಗಳಿಗೆಯನ್ನು ನೆನೆಸಿಕೊಳ್ಳಲು ಹೆಣಗಿ ಹೆಣಗಿ, ನಡೆಯದೇ ಇದ್ದುದನ್ನು ಅವಳು ಪೂರ್ತಿ ಮಾಡಿಕೊಂಡಿದ್ದಳು. ನಾನು ಮತ್ತೆ ಹೇಳಿದೆ. ಚೆನ್ನಿಯ ಆಣೆ ಇಟ್ಟೆ — ಇಡಬಾರದಿತ್ತು. ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟಳು.

ಅಷ್ಟರಲ್ಲಿ ಆ ಮನೆಯಾಕೆ ನೀರು ತಂದಳು. ನನ್ನ ಮಾತಿನ ಕೊನೆ ಆಕೆಯ ಕಿವಿಗೆ ಬಿದ್ದಿತ್ತು. ಏನಮ್ಮ ಇದು ಎಂದು ನನ್ನ ಕಡೆ ನೋಡಿದಳು. ನಾನು ಹೇಳಿದೆ, ಇವಳು ಹುಡುಕುತ್ತಿರುವುದು ಸಿಗುವುದಿಲ್ಲ, ಅದನ್ನು ಹೊಳೆಗೆ ಬಿಟ್ಟವಳು ನಾನು. ಆಕೆ ಸಾಕಮ್ಮನ ಮುಖ ನೋಡಿದಳು.

ಸಾಕಮ್ಮ ಮೆಲ್ಲಗೆ, ನನಗೆ ಕೇಳಿಸಬಾರದೆಂಬಂತೆ ಹೇಳಿದಳು: "ಅಕ್ಕಂಗೆ ನನ್ ಕಂಡ್ರೆ ಬೋ ಕನಿಕರ ಕಣವ್ವ. ನನ್ ಸಂಕಟ ನೋಡ್ನಾರ್ದೆ ತನ್ ಮೇಲೆ ಹಾಕ್ಕಂತದೆ."

ಆಕೆ ನನಗೆ ಕೈ ಮುಗಿದಳು.

ಊರಿಗೆ ಬಂದು ಯಜಮಾನರಿಗೆ ಹೇಳಿದೆ. ಈಗ ಯಾಕೆ ಅದೆಲ್ಲ ಅಂದರು. ನಂಬಿದರೆಂದೇ ತೋರುತ್ತದೆ, ಅಂದಿನಿಂದ ಪಡಸಾಲೆಯಲ್ಲಿ ಕೂರುವುದಿಲ್ಲ. ಮೈದುನನಿಗೆ ಹೇಳಿದೆ. ಅವರು ಕೇಳಿ ಎದ್ದು ಹಿತ್ತಲಿಗೆ ಹೋಗಿ ಸಾಕಮ್ಮನನ್ನು ಕೇಳಿದರು. ಅವಳು ಕಂಪಲಾಪುರದಲ್ಲಿ ಹೇಳಿದ್ದನ್ನೇ ಹೇಳಿದಳು. ಮೈದುನ ಅವಳ ಮಾತನ್ನು ನಂಬಿದರು. ಅತ್ತಿಗೆ ದೊಡ್ಡ ಮನಸ್ಸಿನವರು ಎಂದು ನೆರೆಹೊರೆಯಲ್ಲಿ ಹೇಳುತ್ತಿದ್ದಾರಂತೆ.

ಇನ್ನು ನನಗೆ ಉಳಿದದ್ದು ಇಷ್ಟೆ. ಸುಗ್ಗಿ ಮುಗಿಯುತ್ತಾ ಬಂತು. ಸಾಕಮ್ಮನ ಕಾಲು ಇನ್ನೂ ಸರಿಯಾಗಿಲ್ಲ, ಆದರೂ ಹೊರಡುತ್ತಾಳೆ. ನಾನೂ ಹೊರಡುತ್ತೇನೆ. ಅವಳು ಕೇಳುವ ಪ್ರತಿ ಬಾಗಿಲಲ್ಲೂ, ಅವಳು ಕೇಳಿ ಮುಗಿಸಿದ ಮೇಲೆ, ನಾನು ನಿಜ ಹೇಳುತ್ತೇನೆ. ಅವರು ನನಗೆ ಕೈ ಮುಗಿಯುತ್ತಾರೆ.